ಹೊನ್ನಾವರದ ಹದಿಮೂರು ಶಾಲೆಗಳು

ಊರು ಬಿಟ್ಟು ಊರಿಗೆ ಬಂದ ಜನರ ಇತಿಹಾಸ ಸಾಮಾನ್ಯವಾಗಿ ವ್ಯಾಪಾರದಿಂದಲೋ ಯುದ್ಧದಿಂದಲೋ ಆರಂಭವಾಗುತ್ತದೆ. ಆದರೆ ಅವರು ಹೊಸ ನೆಲದಲ್ಲಿ ಬೇರೂರಿದರೋ ಇಲ್ಲವೋ ಎಂಬುದನ್ನು ಅರಿಯಬೇಕಾದರೆ, ಮಕ್ಕಳಿಗಾಗಿ ಅವರು ಏನು ಕಟ್ಟಿದರು ಎಂಬುದನ್ನು ನೋಡಬೇಕು. ನಮ್ಮ ಕರಾವಳಿಯ ನವಾಯತರ ಇತಿಹಾಸ ಇದಕ್ಕೆ ಒಳ್ಳೆಯ ಉದಾಹರಣೆ.

ಅರಬಸ್ತಾನ ಮತ್ತು ಪರ್ಷಿಯಾ ಕಡೆಯಿಂದ ಹಡಗೇರಿ ಬಂದ ವ್ಯಾಪಾರಿಗಳು ಹೊನ್ನಾವರ, ಭಟ್ಕಳದಂಥ ಸಣ್ಣ ಬಂದರುಗಳಲ್ಲಿ ನೆಲೆಸಿದರು. ಸ್ಥಳೀಯರೊಂದಿಗೆ ವಿವಾಹ ಸಂಬಂಧ ಬೆಳೆಸಿದರು. ಅವರ ಸಂತತಿಯೇ ನವಾಯತರು. ಇವರು ಶಾಫಿ ಪಂಥದವರು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬೀ ಕುದುರೆಗಳು ಭಟ್ಕಳದ ಮೂಲಕವೂ ಬರುತ್ತಿದ್ದವು.

ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದನು. ಆಗ ಅಲ್ಲಿ ಜಮಾಲುದ್ದೀನ್ ಎಂಬ ಮುಸ್ಲಿಂ ಅಧಿಪತಿ ಹಿಂದೂ ರಾಜನೊಬ್ಬನ ಅಧೀನದಲ್ಲಿ ಆಳುತ್ತಿದ್ದನು. ಊರಿನವರಿಗೆ ಹೊಲವಿರಲಿಲ್ಲ, ಸಮುದ್ರ ವ್ಯಾಪಾರವೇ ಜೀವನ. ಹೆಂಗಸರು ಹೊಲಿಯದ ಬಟ್ಟೆಯನ್ನು, ಅಂದರೆ ನಮ್ಮ ಸೀರೆಯಂಥದನ್ನು, ಉಡುತ್ತಿದ್ದರು. ಅವರಿಗೆ ಪವಿತ್ರ ಕುರ್‌ಆನ್ ಕಂಠಪಾಠವಾಗಿತ್ತು. ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವು. ಇಂಥದ್ದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದು ಅವನು ದಾಖಲಿಸಿದ್ದಾನೆ. ದಿಲ್ಲಿಯಲ್ಲಿ ಕಾಜಿಯಾಗಿದ್ದ, ಮಕ್ಕಾ, ದಮಾಸ್ಕಸ್, ಕೈರೋ ನಗರಗಳನ್ನು ಕಂಡಿದ್ದ ವ್ಯಕ್ತಿಯ ಮಾತಿದು.

ಮುಂದೆ ಕಷ್ಟದ ದಿನಗಳು ಬಂದವು. ಪೋರ್ಚುಗೀಸರು ಸಮುದ್ರ ವ್ಯಾಪಾರವನ್ನು ಕಸಿದುಕೊಂಡರು. 1542ರಲ್ಲಿ ಭಟ್ಕಳವನ್ನು ಸುಟ್ಟರು. ಬಂದರು ಸೊರಗಿದರೂ ಸಮಾಜ ಉಳಿಯಿತು. 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸ್ಥಾಪನೆಯಾಯಿತು. ಇಂದು ಅದು ಬಾಲಕ-ಬಾಲಕಿಯರ ಶಾಲೆಗಳಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆದಿದೆ. 1962ರಲ್ಲಿ ಜಾಮಿಯಾ ಇಸ್ಲಾಮಿಯಾ ಆರಂಭವಾಯಿತು. ದುಡಿಮೆಗಾಗಿ ಮುಂಬೈ, ಚೆನ್ನೈ, ಕೊಲ್ಲಿ ದೇಶಗಳಿಗೆ ಹೋದವರ ಗಳಿಕೆಯ ಒಂದು ಪಾಲು ಊರಿನ ಶಾಲೆಗಳಿಗೆ ಮರಳಿತು.

ಭಾಷೆಯ ವಿಷಯವೂ ಗಮನಾರ್ಹ. ಯುರೋಪಿನ ಚೆಕ್ ಜನರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ನೆಬ್ರಾಸ್ಕಾ, ಟೆಕ್ಸಾಸ್ ರಾಜ್ಯಗಳ ಸಣ್ಣ ಊರುಗಳಲ್ಲಿ ನೆಲೆಸಿ ಚರ್ಚು, ಸಭಾಭವನ, ಪತ್ರಿಕೆಗಳನ್ನು ಕಟ್ಟಿಕೊಂಡರು. ಆದರೆ ಮೊಮ್ಮಕ್ಕಳ ಕಾಲಕ್ಕೆ ಮನೆಮಾತು ಬಹುಮಟ್ಟಿಗೆ ಇಂಗ್ಲಿಷಾಯಿತು. ನವಾಯತರಾದರೋ ಕೊಂಕಣಿಗೆ ಹತ್ತಿರವಾದ ನವಾಯತಿಯನ್ನು ಶತಮಾನಗಳ ನಂತರವೂ ಮನೆಯಲ್ಲಿ ಉಳಿಸಿಕೊಂಡಿದ್ದಾರೆ. ಅದನ್ನು ಉರ್ದುವಿನಂಥ ಲಿಪಿಯಲ್ಲಿ ಬರೆಯುತ್ತಾರೆ, ಜೊತೆಗೆ ಉರ್ದು, ಕನ್ನಡವನ್ನೂ ಕಲಿಯುತ್ತಾರೆ.

ಕರಾವಳಿಗೆ ಸಮುದ್ರದ ದಾರಿಯಾದರೆ, ನಮ್ಮ ಕೃಷ್ಣಾ ತೀರಕ್ಕೆ ನೆಲದ ದಾರಿ. ಆದಿಲಶಾಹಿ ಕಾಲದಲ್ಲಿ ವಿಜಾಪುರಕ್ಕೆ ಇರಾನಿಗಳು, ತುರ್ಕರು, ಅರಬರು, ಹಬಶಿಗಳು ಬಂದರು. ಸ್ಥಳೀಯರ ಒಡನಾಟದಲ್ಲಿ ಬೆಳೆದ ದಖನಿ ಇಂದಿಗೂ ನಮ್ಮ ಮನೆಗಳ ಮಾತು. ಹಿಪ್ಪರಗಿ, ಜಮಖಂಡಿ, ರಬಕವಿ-ಬನಹಟ್ಟಿಯ ಮಗು ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ ಆಡುತ್ತದೆ. ಇದು ಹೊರೆಯಲ್ಲ, ಎರಡು ಆಸ್ತಿ.

ಆದರೆ ಏಳನೆಯ ತರಗತಿ ಮುಗಿದ ಕೂಡಲೇ ಹುಡುಗಿಯ ಶಾಲೆ ಬಿಡಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹೈಸ್ಕೂಲು ದೂರ ಎನ್ನುತ್ತಾರೆ, ಓದಿಸುವುದು ಇಂದಿನ ಗಾಳಿ ಎನ್ನುತ್ತಾರೆ. ದೂರದ ಮಾತಿಗೆ ಸಮಾಜ ಕೂಡಿ ವಾಹನದ, ವಸತಿಯ ವ್ಯವಸ್ಥೆ ಮಾಡಬಹುದು. ಎರಡನೆಯ ಮಾತಿಗೆ ಇತಿಹಾಸವೇ ಉತ್ತರ. ಹುಡುಗಿಯರ ಶಾಲೆ ನಮಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಹೊಲವೇ ಇಲ್ಲದ ಒಂದು ಸಣ್ಣ ಬಂದರಿನ ಜನ ಸುಮಾರು 680 ವರ್ಷಗಳ ಹಿಂದೆ ಅಂಥ ಹದಿಮೂರು ಶಾಲೆಗಳನ್ನು ನಡೆಸುತ್ತಿದ್ದರು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ತಂಗಿಯ ಓದಿನ ಮಾತು ಬಂದಾಗ ಈ ಹದಿಮೂರು ಶಾಲೆಗಳ ವಿಷಯವನ್ನು ಹಿರಿಯರಿಗೆ ತಿಳಿಸಿರಿ.