ಕೆಂಡದ ಮೀನು: ಕಲ್ಯಾಣದಲ್ಲಿ, ಜಪಾನಿನಲ್ಲಿ, ನಮ್ಮಲ್ಲಿ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಎಂಬ ಊರಿದೆ. ಹಳೇಬೀಡಿಗೆ ಹೋಗುವವರು ಇಲ್ಲಿ ಬಲಕ್ಕೆ ತಿರುಗುತ್ತಾರೆ. ಕಡಲು ಇಲ್ಲಿಂದ ಘಟ್ಟದಾಚೆಗೆ. ಆದರೆ ಸಮುದ್ರವೆಂಬ ಹೆಸರು ಮಾತ್ರ ಹತ್ತಿರವೇ ಉಂಟು. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಆ ಹೆಸರು ಬಂದದ್ದು ಅಲ್ಲಿಯ ಕೆರೆಯಿಂದ. ಕೆರೆಯನ್ನೇ ಸಮುದ್ರವೆಂದು ಕರೆದ ಜನ ಆ ಕೆರೆಯ ಮೀನನ್ನು ಹೇಗೆ ಅಟ್ಟು ಉಣ್ಣುತ್ತಿದ್ದರು? ಶಿಲಾಬಾಲಿಕೆಯರ ಬಳೆಗಳನ್ನು ಒಂದೊಂದಾಗಿ ಎಣಿಸಿ ಬರೆದಿರುವ ನಾವು ಆ ಕಾಲದ ಒಲೆಯ ಕಡೆಗೆ ಕಣ್ಣು ಹಾಯಿಸಿದ್ದು ಕಡಮೆ.

ಈ ಪ್ರಶ್ನೆ ಏಳುವುದಕ್ಕೆ ಕಾರಣ ದೂರದ ಜಪಾನು. ಆ ದೇಶದ ಮನೆಗಳಲ್ಲಿ ಮೀನನ್ನು ನೆನೆಸಿ ಸುಡುವ ಒಂದು ಕ್ರಮವಿದೆ. ಮೊದಲು ತುಂಡುಗಳಿಗೆ ಉಪ್ಪು ಸವರಿ, ಸ್ವಲ್ಪ ಹೊತ್ತಿನ ಮೇಲೆ ಒಸರಿದ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯುತ್ತಾರೆ. ಆಮೇಲೆ ಸೋಯಾ ಕಾಳನ್ನು ಹುದುಗಿಸಿ ಇಳಿಸಿದ ಉಪ್ಪುರಸ, ಅಂದರೆ ಶೋಯು, ಅಕ್ಕಿಯ ಮದ್ಯವಾದ ಸಾಕೆ, ಸಿಹಿಯಾದ ಮಿರಿನ್, ಈ ಮೂರನ್ನೂ ಸಮಸಮವಾಗಿ ಬೆರೆಸಿ, ನಿಂಬೆಯ ಜಾತಿಯ ಯೂಜು ಹಣ್ಣಿನ ಬಿಲ್ಲೆಗಳನ್ನು ಹಾಕಿ, ಅದರಲ್ಲಿ ಮೀನನ್ನು ನೆನೆಸಿ ಕೆಂಡದ ಮೇಲೆ ಸುಡುತ್ತಾರೆ. ಹೆಸರು ಯೂಆನ್ ಯಾಕಿ. ಯಾಕಿ ಎಂದರೆ ಸುಟ್ಟದ್ದು. ಯೂಆನ್ ಎಂಬುದು ಇದನ್ನು ರೂಢಿಗೆ ತಂದನೆಂದು ಹೇಳಲಾಗುವ ಚಹಾ ಕಲೆಯ ರಸಿಕ ಕಿತಾಮುರಾ ಯೂಆನನ ಹೆಸರು. ಆತ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದವನು. ಅವನ ಊರಾದ ಕತಾತಾ ಇರುವುದು ಕಡಲ ದಂಡೆಯಲ್ಲಲ್ಲ, ಬಿವಾ ಎಂಬ ಸಿಹಿನೀರಿನ ಸರೋವರದ ದಂಡೆಯಲ್ಲಿ.

ಇದಕ್ಕೆ ಐದು ಶತಮಾನಗಳಿಗೂ ಹಿಂದೆ, ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಒಂದು ಗ್ರಂಥ ರಚಿಸಿದನು. ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥ ಚಿಂತಾಮಣಿಯೆಂದೂ ಅದಕ್ಕೆ ಎರಡು ಹೆಸರು. ಕಾಲ ಸುಮಾರು 1130. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅದನ್ನು ಮಾಡಿಸಿದ ವಿಷ್ಣುವರ್ಧನನು, ಮನಸ್ಸಿನಲ್ಲಿ ಏನೇ ಇದ್ದರೂ, ಹೆಸರಿಗೆ ಈ ಸೋಮೇಶ್ವರನ ಮಾಂಡಲಿಕ. ಆದುದರಿಂದ ಕಲ್ಯಾಣದ ಪಾಕಶಾಲೆಯ ಮಾತು ದೋರಸಮುದ್ರಕ್ಕೆ ಪರಕೀಯವೆನ್ನುವಂತಿಲ್ಲ.

ಗ್ರಂಥದ ಮತ್ಸ್ಯವಿನೋದದಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಮೇವು, ಗಾಳ ಹಾಕುವುದು ಹೇಗೆ ಎಂದು ದೊರೆ ಸಾವಧಾನವಾಗಿ ಹೇಳುತ್ತಾನೆ. ಅನ್ನಭೋಗದಲ್ಲಿ ಅಡುಗೆಯ ವಿಚಾರ ಬರುತ್ತದೆ. ಮೀನಿಗೆ ಎಣ್ಣೆ ಉಪ್ಪು ತಿಕ್ಕಿ ನಾತ ತೆಗೆಯಬೇಕು, ಅರಿಸಿನದ ನೀರಿನಲ್ಲಿ ತೊಳೆಯಬೇಕು, ನೀರು ಹಿಂಡಬೇಕು. ಅನಂತರವೇ ಮಸಾಲೆ, ಹುಳಿ. ಉಪ್ಪಿನಲ್ಲಿಟ್ಟ ತುಂಡುಗಳನ್ನು ಬೇಕಾದಾಗ ಸುಡುವ ಮಾತೂ ಉಂಟು. ಕತಾತಾದ ರಸಿಕನಿಗೂ ಕಲ್ಯಾಣದ ದೊರೆಗೂ ಪರಿಚಯವಿರಲು ಸಾಧ್ಯವಿಲ್ಲ. ಒಬ್ಬರಿಂದೊಬ್ಬರು ಕಲಿತರೆಂದು ಹೇಳುವ ಉತ್ಸಾಹವೂ ಬೇಡ. ಮೀನು ಎಲ್ಲಿಯದಾದರೂ ಅದರ ನಾತ ಒಂದೇ, ಅದನ್ನು ಗೆಲ್ಲುವ ಉಪಾಯವೂ ಒಂದೇ. ಉಪ್ಪು ನೀರನ್ನು ಎಳೆದು ಮಾಂಸವನ್ನು ಬಿಗಿ ಮಾಡುತ್ತದೆ. ಹುಳಿಯು ಮೀನಿನ ನಾತವನ್ನಷ್ಟೇ ಅಲ್ಲದೆ ಕೆರೆಯ ಮೀನಿನ ಕೆಸರು ವಾಸನೆಯನ್ನೂ ತಗ್ಗಿಸುತ್ತದೆ.

ಇಷ್ಟು ಒಳ್ಳೆಯ ಆರಂಭವಾದ ಮೇಲೆ ಕನ್ನಡದಲ್ಲಿ ಆದದ್ದೇನು? 1025ರ ಸುಮಾರಿಗೆ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಪಾಕವಿಚಾರವಿದೆ, ಮೀನಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದನು. ಹಿಟ್ಟಿನ ಭಕ್ಷ್ಯಗಳ ವರ್ಣನೆ ಓದಿದರೆ ಬಾಯಲ್ಲಿ ನೀರೂರುತ್ತದೆ, ಅಲ್ಲಿಯೂ ಮೀನಿಲ್ಲ. ಮಂಗರಸನು ಜೈನ, ಬರೆಯಲಿಲ್ಲವೆಂದು ಅವನನ್ನು ದೂರುವುದು ನ್ಯಾಯವಲ್ಲ. ಆದರೆ ಬಲ್ಲವರು ಬರೆಯಲಿಲ್ಲ, ಬರೆಯಬಲ್ಲವರು ತಿನ್ನಲಿಲ್ಲ. ಬೆಸ್ತರ ಮನೆಯ ಹೆಂಗಸರಿಗೆ ಗೊತ್ತಿದ್ದುದೆಲ್ಲ ಅವರ ಕೈಯಲ್ಲಿಯೇ ಉಳಿಯಿತು, ಕೈಯೊಡನೆಯೇ ಹೋಯಿತು. ಮೀನಡುಗೆಯನ್ನು ಬರೆದಿಟ್ಟದ್ದು ಒಬ್ಬ ದೊರೆ, ಅದೂ ಸಂಸ್ಕೃತದಲ್ಲಿ. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅದು ಅಚ್ಚಾಗತೊಡಗಿದ್ದು 1925ರಲ್ಲಿ.

ಜಪಾನಿನಲ್ಲಿಯೂ ಧರ್ಮದ ಕಟ್ಟು ಇರಲಿಲ್ಲವೆಂದಲ್ಲ. 675ರಲ್ಲಿಯೇ ತೆನ್ಮು ಚಕ್ರವರ್ತಿಯು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ್ದನು. ಮೀನು ಮಾತ್ರ ಆ ಕಟ್ಟಿನ ಹೊರಗೆ ಉಳಿಯಿತು. 1643ರಲ್ಲಿ ಅಚ್ಚಾದ ರ್‍ಯೋರಿ ಮೊನೊಗತಾರಿ ಎಂಬ ಪಾಕಗ್ರಂಥ ಆರಂಭವಾಗುವುದೇ ಕಡಲ ಮೀನುಗಳಿಂದ. ಒಳನಾಡಿನ ಕ್ಯೋತೋ ನಗರಕ್ಕೆ ವಾಕಾಸಾ ಕರಾವಳಿಯಿಂದ ಉಪ್ಪು ಹಚ್ಚಿದ ಬಂಗುಡೆಯ ಜಾತಿಯ ಮೀನನ್ನು ಹೊತ್ತು ತರುತ್ತಿದ್ದ ದಾರಿಗೆ ಇಂದಿಗೂ ಆ ಮೀನಿನದೇ ಹೆಸರು. ನಮ್ಮಲ್ಲಿಯೂ ಒಣಮೀನಿನ ಮೂಟೆಗಳು ಘಟ್ಟ ಹತ್ತಿ ಸಂತೆಗಳಿಗೆ ಬಂದವು. ಹೊತ್ತವರ ದಾರಿಗೆ ಯಾರೂ ಹೆಸರಿಡಲಿಲ್ಲ.

ಮನೆಯಲ್ಲಿ ಮಾಡಿ ನೋಡುವವರು ಕೆರೆಯ ಕಟ್ಲಾ, ರೋಹು, ಕೊರವ ಯಾವುದನ್ನಾದರೂ ತೆಗೆದುಕೊಳ್ಳಬಹುದು. ಬೆರಳು ದಪ್ಪದ ತುಂಡುಗಳಿಗೆ ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು ಒರಸಿಕೊಳ್ಳಿ. ಮದ್ಯ ಒಲ್ಲದ ಮನೆಯಲ್ಲಿ ಸೋಯಾ ರಸಕ್ಕೆ ಅಷ್ಟೇ ನೀರು, ಸ್ವಲ್ಪ ಬೆಲ್ಲ, ನಿಂಬೆಯ ಬಿಲ್ಲೆ ಸಾಕು. ರುಚಿ ಮೂಲದ್ದಲ್ಲ, ಆದರೆ ಕೆಟ್ಟದ್ದೂ ಅಲ್ಲ. ಅರ್ಧ ಗಂಟೆ ನೆನೆಯಲಿ. ರಾತ್ರಿಯೆಲ್ಲ ಬಿಟ್ಟರೆ ಉಪ್ಪು ಹೆಚ್ಚಾಗುತ್ತದೆ. ಸುಡುವ ಮುಂಚೆ ರಸವನ್ನು ಪೂರ್ತಿ ಬಸಿಯಬೇಕು, ಏಕೆಂದರೆ ಬೆಲ್ಲ ಬಲುಬೇಗ ಹೊತ್ತುತ್ತದೆ. ಉರಿ ಬೇಡ, ಬೂದಿ ಮುಚ್ಚಿದ ಕೆಂಡ ಬೇಕು. ಗ್ಯಾಸಿನ ಒಲೆಯವರು ಕಾವಲಿಯನ್ನು ಸಣ್ಣ ಉರಿಯ ಮೇಲೆ ಇಡಲಿ. ಬಿಸಿ ಅನ್ನಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ರಾಗಿ ಮುದ್ದೆಗೆ ಹೊಂದುವುದಿಲ್ಲ. ಮುದ್ದೆಗೆ ಹುಳಿ ಹಿಂಡಿದ ಮೀನಿನ ಸಾರೇ ಆಗಬೇಕು.