ಕಡ್ಡಿಯ ಬೆಲೆ ಎಷ್ಟು, ಆಯುಷ್ಯ ಎಷ್ಟು?

ಹೆಬ್ಬೆರಳಿಗಿಂತ ತುಸು ಉದ್ದವಾದ ಒಂದು ಪ್ಲಾಸ್ಟಿಕ್ ಕಡ್ಡಿ. ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿ ಮನೆಯ ವೈ-ಫೈಗೆ ಜೋಡಿಸಿದರೆ ಸಾಕು, ಹಳೆಯ ಟಿ.ವಿ. ‘ಜಾಣ’ ಟಿ.ವಿ. ಆಗಿಬಿಡುತ್ತದೆ. ಕೇಬಲ್ಲಿನವನ ದಾರಿ ಕಾಯಬೇಕಿಲ್ಲ, ಮಾಳಿಗೆ ಹತ್ತಿ ಡಿಶ್ ತಿರುಗಿಸಬೇಕಿಲ್ಲ. ಮೂರು ನಾಲ್ಕು ಸಾವಿರ ರೂಪಾಯಿಯ ಈ ‘ಸ್ಟ್ರೀಮಿಂಗ್ ಸ್ಟಿಕ್’ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಚಿತ್ರದ ಸ್ಪಷ್ಟತೆ, ರಿಮೋಟು ಮತ್ತು ಬೆಲೆಯನ್ನು. ಆದರೆ ಇದರ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನಿಸುತ್ತದೆ. ಇದು ಎಷ್ಟು ದಿನ ಬಾಳೀತು?

ಟಿ.ವಿ.ಗೆ ಹೊರಗಿನಿಂದ ಒಂದು ಉಪಕರಣ ಜೋಡಿಸಿ ದೂರದ ಚಿತ್ರವನ್ನು ಹಿಡಿಯುವುದು ಕನ್ನಡ ನಾಡಿಗೆ ಹೊಸದೇನಲ್ಲ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧವಾದ ಉಪಗ್ರಹ ಟೆಲಿವಿಷನ್ ಪ್ರಯೋಗ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಆರಂಭವಾಯಿತು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿಯೊಂದು ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಅದು ಹಿಡಿದ ಸಂಕೇತವನ್ನು ಟಿ.ವಿ.ಗೆ ತಿಳಿಯುವಂತೆ ಮಾರ್ಪಡಿಸಲು ಪ್ರತ್ಯೇಕ ಉಪಕರಣವೊಂದಿತ್ತು. ಬೇಸಾಯ, ಆರೋಗ್ಯ, ಮಕ್ಕಳ ಪಾಠಗಳನ್ನು ಊರಿಗೆ ಊರೇ ಕೂತು ನೋಡಿತು.

ಆದರೆ ಎಟಿಎಸ್-6 ಎಂಬ ಆ ಉಪಗ್ರಹ ಅಮೆರಿಕದ ನಾಸಾ ಸಂಸ್ಥೆಯದು. ಒಂದು ವರ್ಷದ ಮಟ್ಟಿಗೆ ಎರವಲು ಬಂದದ್ದು. 1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಟಿ.ವಿ. ಕೆಟ್ಟಿರಲಿಲ್ಲ, ಛತ್ರಿ ಮುರಿದಿರಲಿಲ್ಲ. ಮೇಲಿನಿಂದ ಬರುವುದು ನಿಂತಿತ್ತು, ಅಷ್ಟೆ. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಾಗ ಅದರ ವ್ಯಾಪ್ತಿಯೊಳಗಿನ ಹಳ್ಳಿಗಳಿಗೆ ಮತ್ತೆ ಚಿತ್ರ ಸಿಕ್ಕಿತು.

ಇಂದಿನ ಕಡ್ಡಿಯ ಕಥೆ ಶುರುವಾಗುವುದು ಅಮೆರಿಕದಲ್ಲಿ. ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ ಕಂಪೆನಿ 2007ರಲ್ಲಿ ಇಂಟರ್‌ನೆಟ್ ಮೂಲಕ ಸಿನಿಮಾ ತೋರಿಸತೊಡಗಿತು. ಕಂಪ್ಯೂಟರಿನ ಪರದೆಯಿಂದ ಅದನ್ನು ಟಿ.ವಿ.ಗೆ ತರಲು ತಾನೇ ಒಂದು ಪೆಟ್ಟಿಗೆಯನ್ನೂ ಸಿದ್ಧಪಡಿಸಿತು. ಪೆಟ್ಟಿಗೆ ಮಾರಲು ಹೊರಟರೆ ಬೇರೆ ತಯಾರಕರೆಲ್ಲ ತನ್ನನ್ನು ಪ್ರತಿಸ್ಪರ್ಧಿಯೆಂದು ಕಾಣುತ್ತಾರೆಂಬ ಅಳುಕಿನಿಂದ ಕೊನೆಗೆ ಅದನ್ನು ರೋಕು ಎಂಬ ಸಣ್ಣ ಕಂಪೆನಿಗೆ ಬಿಟ್ಟುಕೊಟ್ಟಿತು. 2008ರ ಮೇ ತಿಂಗಳಲ್ಲಿ ಬಂದ ಆ ಪೆಟ್ಟಿಗೆಯ ಬೆಲೆ 99 ಡಾಲರ್. 2012ರಲ್ಲಿ ರೋಕು ಅದನ್ನೇ ಕಡ್ಡಿಯಷ್ಟು ಚಿಕ್ಕದು ಮಾಡಿತಾದರೂ ಬೆಲೆ ಇಳಿಯಲಿಲ್ಲ. ಅದು ಕೂರುವ ವಿಶೇಷ ಕಿಂಡಿ ಕೆಲವೇ ಟಿ.ವಿ.ಗಳಲ್ಲಿತ್ತು.

ನಿಜವಾದ ಸಂಚಲನ ಉಂಟಾದದ್ದು 2013ರ ಜುಲೈ 24ರಂದು. ಗೂಗಲ್ ಅಂದು ಹೊರತಂದ ‘ಕ್ರೋಮ್‌ಕಾಸ್ಟ್’ಗೆ ಬೆಲೆ ಕೇವಲ 35 ಡಾಲರ್! ಎಚ್‌ಡಿಎಂಐ ಕಿಂಡಿಯಿರುವ ಯಾವ ಟಿ.ವಿ.ಗಾದರೂ ಅದು ಕೂರುತ್ತಿತ್ತು. ರಿಮೋಟೇ ಇಲ್ಲ, ಜೇಬಿನ ಮೊಬೈಲೇ ರಿಮೋಟು. ಮೊಬೈಲಿನಿಂದ ಚಿತ್ರ ಕಡ್ಡಿಗೆ ಹರಿಯುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸಾಮಾನ್ಯವಾಗಿ ಮೊಬೈಲು ಕಡ್ಡಿಗೆ ‘ಇಂಥ ವಿಳಾಸದಲ್ಲಿ ಇಂಥ ಚಿತ್ರವಿದೆ’ ಎಂದಷ್ಟೇ ಹೇಳುತ್ತದೆ. ಅಲ್ಲಿಂದ ಮುಂದೆ ಕಡ್ಡಿ ತಾನೇ ಇಂಟರ್‌ನೆಟ್ಟಿನಿಂದ ಚಿತ್ರವನ್ನು ತುಣುಕು ತುಣುಕಾಗಿ ತರಿಸಿಕೊಂಡು ತೋರಿಸುತ್ತದೆ. ತೋರಿಸಿದ್ದನ್ನು ಕೂಡಿಡುವುದಿಲ್ಲ. ಹೀಗಾಗಿ ಬರೀ 512 ಮೆಗಾಬೈಟ್ ಸ್ಮೃತಿಯಲ್ಲೇ ಅದರ ಸಂಸಾರ ನಡೆಯಿತು. ಭಾರತಕ್ಕೆ ಅದು ಬಂದದ್ದು 2014ರ ಡಿಸೆಂಬರಿನಲ್ಲಿ, 2,999 ರೂಪಾಯಿಗೆ. ಅಮೆಜಾನಿನ ‘ಫೈರ್ ಟಿ.ವಿ. ಸ್ಟಿಕ್’ ರಿಮೋಟಿನೊಡನೆ ಇಲ್ಲಿಗೆ ಬಂದದ್ದು 2017ರ ಏಪ್ರಿಲಿನಲ್ಲಿ, 3,999 ರೂಪಾಯಿಗೆ.

ಇಷ್ಟು ಅಗ್ಗವಾಗಿ ಹೇಗೆ ಕೊಡುತ್ತಾರೆ? ದಾನಧರ್ಮಕ್ಕಂತೂ ಅಲ್ಲ. ಕಡ್ಡಿ ಮನೆಯೊಳಗೆ ಬಂದಮೇಲೆ ಚಂದಾ ಹಣದಲ್ಲಿ, ಮೊದಲ ಪರದೆಯ ಜಾಹೀರಾತಿನಲ್ಲಿ ಗಳಿಕೆ ಶುರುವಾಗುತ್ತದೆ. ರೋಕುವಿನ ಲೆಕ್ಕಪತ್ರವೇ ಇದಕ್ಕೆ ಸಾಕ್ಷಿ. 2018ರಲ್ಲಿ ಅದರ ಜಾಹೀರಾತು ಮತ್ತು ಸೇವೆಗಳ ವರಮಾನ ಉಪಕರಣಗಳ ಮಾರಾಟದ ವರಮಾನವನ್ನು ಮೀರಿತು. 2022, 2023ರಲ್ಲಿ ಉಪಕರಣಗಳನ್ನು ಅದು ನಷ್ಟಕ್ಕೇ ಮಾರಿತು. ಅಂಗಡಿಯಲ್ಲಿ ಕೊಡುವ ಹಣ ಬರೀ ಮುಂಗಡ ಎನ್ನಿ.

ಇನ್ನು ಆಯುಷ್ಯದ ಮಾತು. ಗೂಗಲ್ ತನ್ನ ಮೊದಲ ಕ್ರೋಮ್‌ಕಾಸ್ಟ್‌ಗೆ ತಂತ್ರಾಂಶದ ನೆರವನ್ನು 2023ರಲ್ಲಿ ನಿಲ್ಲಿಸಿತು. 2024ರ ಆಗಸ್ಟಿನಲ್ಲಿ ಆ ಹೆಸರಿನ ಸರಕಿಗೇ ಮಂಗಳ ಹಾಡಿತು. ಇದಕ್ಕಿಂತ ಕುತೂಹಲದ್ದು 2025ರ ಮಾರ್ಚ್ 9ರ ಸುಮಾರಿಗೆ ನಡೆದದ್ದು. 2015ರಲ್ಲಿ ಬಂದ ಎರಡನೆಯ ತಲೆಮಾರಿನ ಕಡ್ಡಿಗಳು ಲೋಕದ ನಾನಾ ಕಡೆ ಒಟ್ಟೊಟ್ಟಿಗೆ ಮುಷ್ಕರ ಹೂಡಿದವು. ‘ಇದು ಅಸಲಿ ಕಡ್ಡಿ’ ಎಂದು ಸಾರುವ ಡಿಜಿಟಲ್ ಪ್ರಮಾಣಪತ್ರವೊಂದರ ಹತ್ತು ವರ್ಷದ ಅವಧಿ ಮುಗಿದುಹೋಗಿತ್ತು. ಅದನ್ನು ನವೀಕರಿಸಲು ಯಾರಿಗೂ ನೆನಪಾಗಿರಲಿಲ್ಲವೇನೋ! ಬಿಸಿ ತಾಗಿಲ್ಲ, ನೀರು ಬಿದ್ದಿಲ್ಲ, ಆದರೂ ಕಡ್ಡಿ ಕೆಲಸ ಮಾಡದು. ಕಂಪೆನಿ ಕೆಲವೇ ದಿನಗಳಲ್ಲಿ ದುರಸ್ತಿಯನ್ನು ಇಂಟರ್‌ನೆಟ್ ಮೂಲಕವೇ ಕಳಿಸಿತು. ಅಷ್ಟರಲ್ಲಿ ಗಾಬರಿಯಿಂದ ಕಡ್ಡಿಯನ್ನು ಮೂಲಸ್ಥಿತಿಗೆ ಮರಳಿಸಿದವರು ಇನ್ನಷ್ಟು ದಿನ ಪರದಾಡಬೇಕಾಯಿತು.

ಹಾಗೆಂದು ಕಡ್ಡಿ ಬೇಡವೆನ್ನುವುದು ಜಾಣತನವಲ್ಲ. ಟಿ.ವಿ.ಯ ಗಾಜಿನ ಪರದೆ ಹತ್ತು ವರ್ಷ ಬಾಳಿದರೂ ಅದರೊಳಗಿನ ತಂತ್ರಾಂಶ ನಾಲ್ಕೈದು ವರ್ಷಕ್ಕೇ ಮುಪ್ಪಾಗುವುದುಂಟು. ಅದಕ್ಕಾಗಿ ಮೂವತ್ತು ಸಾವಿರದ ಟಿ.ವಿ. ಬದಲಿಸುವುದಕ್ಕಿಂತ ಮೂರು ಸಾವಿರದ ಕಡ್ಡಿ ಬದಲಿಸುವುದು ಲೇಸು. ಆದರೆ ಕೊಳ್ಳುವ ಮುನ್ನ ಅದಕ್ಕೆ ಎಷ್ಟು ವರ್ಷ ಸುರಕ್ಷತಾ ಪರಿಷ್ಕರಣೆ ಸಿಗುತ್ತದೆಂದು ಕೇಳಿ. ಹಳೆಯ ಮಾದರಿ ರಿಯಾಯಿತಿಯಲ್ಲಿ ಸಿಕ್ಕರೆ ಅದರ ಆಯುಷ್ಯದಲ್ಲೂ ರಿಯಾಯಿತಿ ಆಗಿರಬಹುದು. ಇಂಥ ಉಪಕರಣಗಳ ತಯಾರಕರು ಈ ಅವಧಿಯನ್ನು ಬಹಿರಂಗವಾಗಿ ತಿಳಿಸಲೇಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದಿದೆ.

ಇಂಟರ್‌ನೆಟ್ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೆಟ್‌ಫ್ಲಿಕ್ಸ್ ಹೇಳುವಂತೆ ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಗಿಗಾಬೈಟ್‌ವರೆಗೆ, 4ಕೆ ಚಿತ್ರಕ್ಕೆ 7ರವರೆಗೆ ಬೇಕಾಗುತ್ತದೆ. ಮೊಬೈಲಿನ ದಿನದ ಪಾಲನ್ನೇ ಹಂಚಿಕೊಂಡು ನೋಡುವ ಮನೆಯಲ್ಲಿ ಅರ್ಧ ಸಿನಿಮಾಕ್ಕೇ ಪಾಲು ಮುಗಿದೀತು. ಎಚ್‌ಡಿಎಂಐ ಕಿಂಡಿಯಿಂದ ಬರುವ ಅಲ್ಪ ವಿದ್ಯುತ್ತು ಕಡ್ಡಿಗೆ ಸಾಲದು, ಆದ್ದರಿಂದ ಟಿ.ವಿ.ಯ ಹಿಂದೆ ಇನ್ನೊಂದು ಪ್ಲಗ್ಗಿಗೆ ಜಾಗವಿದೆಯೇ ಎಂದೂ ನೋಡಿಕೊಳ್ಳಿ.