ಮಾಯದ ಗಾಯಕ್ಕೆ ತೇವದ ಪಟ್ಟಿ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆಯ ಅಡಿಕೆ ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕಾಲಿಗೆ ಮುಳ್ಳು, ಸೀಳು ತಾಗುವುದು ಹೊಸದಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಅದೇ ಗಾಯ ತಿಂಗಳುಗಟ್ಟಲೆ ಮಾಯದೆ ಉಳಿಯಬಹುದು. ನರ ಜೋಮು ಹಿಡಿದು ನೋವೇ ಗೊತ್ತಾಗುವುದಿಲ್ಲ, ರಕ್ತ ಸರಿಯಾಗಿ ಹರಿಯುವುದಿಲ್ಲ. ಕಡೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾಗಬಹುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ.

ಗಾಯ ಒಣಗಿದರೇ ವಾಸಿ ಎಂಬುದು ಬಹುಕಾಲದ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ, ತೇವ ಆರದಂತೆ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹಬ್ಬುವುದನ್ನು ತೋರಿಸಿದರು. ಅದಕ್ಕೆ ಎರಡು ವರ್ಷ ಮೊದಲು ಚೆಕ್ ವಿಜ್ಞಾನಿಗಳಾದ ವಿಖ್ಟರ್ಲೆ ಮತ್ತು ಲೀಮ್ ನೀರು ಹೀರಿ ಹಿಡಿದಿಡುವ ಹೈಡ್ರೋಜೆಲ್ಲನ್ನು ಪರಿಚಯಿಸಿದ್ದರು. 1962ರಲ್ಲೇ ಸ್ಟಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯಿಂದ ಚರ್ಮಕೋಶ ಬೆಳೆಸುವ ಪ್ರೋಟೀನೊಂದನ್ನು ಬೇರ್ಪಡಿಸಿದರು. ಈ ಹಾದಿಯ ಕೆಲಸಕ್ಕೆ ಅವರಿಗೆ 1986ರ ನೊಬೆಲ್ ಬಂತು.

ಔಷಧಿ, ಅದನ್ನು ಹೊರುವ ಜೆಲ್, ಎರಡೂ ಕೈಗೆ ಸಿಕ್ಕಂತಾಯಿತು. ಆದರೂ ದಾರಿ ಸಲೀಸಾಗಲಿಲ್ಲ. 1997ರಲ್ಲಿ ಅಮೆರಿಕ ಮಧುಮೇಹಿಗಳ ಪಾದದ ಹುಣ್ಣಿಗೆ ಬೆಕಾಪ್ಲರ್ಮಿನ್ ಎಂಬ ಬೆಳವಣಿಗೆ ಪ್ರೋಟೀನಿನ ಜೆಲ್ಲಿಗೆ ಒಪ್ಪಿಗೆ ಕೊಟ್ಟಿತು. ಕಪ್ಪೆಯ ಚರ್ಮದಲ್ಲಿ ಸಿಕ್ಕ ಪೆಪ್ಟೈಡಿನಿಂದ (ಪ್ರೋಟೀನಿನಂಥದೇ ಪುಟ್ಟ ಸರಪಳಿಯಿಂದ) ರೂಪಿಸಿದ ಪೆಕ್ಸಿಗನಾನ್‌ಗೆ ಮಾತ್ರ 1999ರಲ್ಲಿ ಅದೇ ಒಪ್ಪಿಗೆ ಸಿಗಲಿಲ್ಲ. ಆಕ್ಲೆರಾಸ್ಟೈಡ್ ಎಂಬ ಮತ್ತೊಂದು ಪೆಪ್ಟೈಡ್ ಜೆಲ್ಲಿನ ದೊಡ್ಡ ಪರೀಕ್ಷೆ 2015ರಲ್ಲಿ ಫಲ ಕಾಣದೆ ನಿಂತಿತು.

ಈ ಕ್ಷೇತ್ರದ ಗಂಟು ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಹಳೆಯ ಹುಣ್ಣಿನಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳು ತುಂಬಿರುತ್ತವೆ. ಹಚ್ಚಿದ ಪೆಪ್ಟೈಡನ್ನು ಅವು ಚೂರು ಮಾಡುತ್ತವೆ; ಉಳಿದದ್ದು ಗಾಯದಿಂದ ಸೋರುವ ನೀರಿನಲ್ಲಿ ಕೊಚ್ಚಿ ಹೋಗುತ್ತದೆ. ಹಾಗಾಗಿ ಒಳ್ಳೆಯ ಅಣು ಹುಡುಕಿದರೆ ಸಾಲದು, ಅದನ್ನು ಹುಣ್ಣಿನಲ್ಲಿ ಕಾಯುವ ಜೆಲ್ ಬೇಕು. 2002ರಲ್ಲಿ ಷ್ನೈಡರ್ ಮತ್ತು ಪೋಚನ್ ತಂಡ ಪೆಪ್ಟೈಡಿನಿಂದಲೇ ಜೆಲ್ ಕಟ್ಟಿತು. ಈ ಬಗೆಯ ಜೆಲ್ ಸಿರಿಂಜಿನಲ್ಲಿ ಒತ್ತಿದರೆ ಹರಿಯುತ್ತದೆ, ಗಾಯದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಮರುವರ್ಷ ಲುಟಾಲ್ಫ್, ಹಬ್ಬೆಲ್ ಮತ್ತು ಸಂಗಡಿಗರು ಆ ಶತ್ರು ಕಿಣ್ವವನ್ನೇ ಕೆಲಸಕ್ಕೆ ಹಚ್ಚಿದರು: ಕಿಣ್ವ ಕತ್ತರಿಸಿದಷ್ಟೇ ಜೆಲ್ ಬಿಚ್ಚಿಕೊಂಡು ಹೊಸ ಕೋಶಗಳಿಗೆ ದಾರಿ ಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯಲ್ಲೇ ಇದು ಅತ್ಯಂತ ಜಾಣ ಹೆಜ್ಜೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜಯಂತ ಹಲ್ದಾರ್ ತಂಡ ಬೇರೆ ಜಾಡು ಹಿಡಿಯಿತು. ಸೂಕ್ಷ್ಮಾಣು ಕೊಲ್ಲುವ ಅನೇಕ ಪೆಪ್ಟೈಡುಗಳ ಬಲ ಅವುಗಳ ಧನ ವಿದ್ಯುದಂಶದಲ್ಲಿದೆ. ಅದೇ ಗುಣವನ್ನು ಕೈಟೋಸಾನ್ ಎಂಬ ಪಾಲಿಮರಿಗೆ ಕೊಟ್ಟು ಜೆಲ್ ಮಾಡಿದರೆ ಪೆಪ್ಟೈಡಿಲ್ಲದೆಯೂ ಸೂಕ್ಷ್ಮಾಣು ಸಾಯುತ್ತದೆ. 2017ರಲ್ಲಿ ಪ್ರಕಟವಾದ ಇಂಥ ಜೆಲ್ ಪ್ರಾಣಿಗಳ ಗಾಯ ಮಾಯಲು ನೆರವಾಯಿತು. ಮರುವರ್ಷ ಇಂಥದೇ ಜೆಲ್ಲಿನೊಳಗೆ ಆಂಟಿಬಯಾಟಿಕ್ ತುಂಬಿ ನಿಧಾನವಾಗಿ ಹೊರಬಿಡುವುದನ್ನೂ ಅವರು ತೋರಿಸಿದರು.

ಬೆಕಾಪ್ಲರ್ಮಿನ್ ಜೆಲ್ಲನ್ನು ಫ್ರಿಜ್ಜಿನಲ್ಲೇ ಇಡಬೇಕು. ಹಳ್ಳಿಯ ಮಟ್ಟಿಗೆ ಈ ಒಂದು ಷರತ್ತೇ ಬೇಲಿ. ಎಂಥ ಜೆಲ್ ಬಂದರೂ ಕೊಳೆತ ಭಾಗ ತೆಗೆಯುವುದು, ಸೋಂಕು ತಡೆಯುವುದು, ರಕ್ತ ಹರಿಯುತ್ತಿದೆಯೇ ಎಂದು ನೋಡುವುದು, ಪಾದದ ಮೇಲಿನ ಭಾರ ಇಳಿಸುವುದು ತಪ್ಪುವುದಿಲ್ಲ. ಇಷ್ಟೂ ಆದ ಮೇಲೆ, ಬೇಸಿಗೆಯ ಸೆಕೆಯಲ್ಲಿ ಅಲ್ಮಾರಿಯಲ್ಲಿಟ್ಟರೂ ಕೆಡದ, ಕೂಲಿಯವರ ಕೈಗೆಟಕುವ ಪಟ್ಟಿ ಬೇಕು. ಮುಂದಿನ ಸಂಶೋಧನೆಯನ್ನು ನಾನು ಅಳೆಯುವುದು ಅದರಿಂದಲೇ.